ಪ್ರಯೋಜನವೇನು?

ಕಳೆದ ಮಳೆಗಾಲದಲ್ಲಿ ಒಂದು ದಿನ ವಿಜ್ಞಾನದ ಅಧ್ಯಾಪಕರು ರಜೆಯಲ್ಲಿದ್ದುದರಿಂದ, ಎಂಟನೆಯ ತರಗತಿಯ ಸೂಕ್ಷ್ಮಜೀವಿಗಳ ಪಾಠವು ಕನ್ನಡ ಕಲಿಸುವ ನಮ್ಮ ಪಾಲಿಗೆ ಬಂದಿತು. ನೀರನ್ನು ಚೆನ್ನಾಗಿ ಕಾಯಿಸಿದರೆ ರೋಗಾಣುಗಳು ಸಾಯುತ್ತವೆ ಎಂದು ಹೇಳಿದೆವು. ಹಿಂದಿನ ಸಾಲಿನ ಬಾಲಕಿಯೊಬ್ಬಳು ಎದ್ದು ನಿಂತು, “ಸರ್, ವಜ್ರೇಶ್ವರಿಯ ಕುಂಡದ ನೀರು ಸದಾ ಬಿಸಿಯಾಗಿರುತ್ತದಲ್ಲ, ಅಲ್ಲಿ ಯಾವ ಜೀವಿಯೂ ಇಲ್ಲವೇ?” ಎಂದಳು. ನಮಗೆ ಉತ್ತರ ತಿಳಿದಿರಲಿಲ್ಲ. ಓದಿಕೊಂಡು ಬಂದು ಮುಂದಿನ ವಾರ ಹೇಳಿದೆವು. ಈ ಸಂಗತಿಯನ್ನು ಕೇಳಿದ ಪಾಲಕರೊಬ್ಬರು, “ಪರೀಕ್ಷೆಗೆ ಬಾರದ ವಿಷಯ. ಇದರಿಂದ ಪ್ರಯೋಜನವೇನು, ಮಾಸ್ತರರೇ?” ಎಂದು ಕೇಳಿದರು. ಅವರಿಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಅಮೆರಿಕದ ಯೆಲ್ಲೋಸ್ಟೋನ್ ಪ್ರದೇಶವು ಬಿಸಿನೀರಿನ ಬುಗ್ಗೆಗಳ ಬೀಡು. 1872ರಲ್ಲಿಯೇ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಕಾಯ್ದಿರಿಸಲಾಯಿತು. 1964ರ ಬೇಸಿಗೆಯಲ್ಲಿ ಪ್ರವಾಸದ ನಡುವೆ ಅಲ್ಲಿಗೆ ಬಂದ ಥಾಮಸ್ ಬ್ರಾಕ್ ಎಂಬ ಪ್ರಾಧ್ಯಾಪಕರು, ಬುಗ್ಗೆಗಳ ಅಂಚಿನಲ್ಲಿ ಹಳದಿ, ಕಿತ್ತಳೆ, ಹಸಿರು ಬಣ್ಣಗಳನ್ನು ಕಂಡು ಬೆರಗಾದರು. ಅವು ಜೀವಿಗಳ ಬಣ್ಣಗಳು! ಇಷ್ಟು ಕಾವಿನಲ್ಲಿ ಜೀವವು ಹೇಗೆ ಉಳಿಯುತ್ತದೆ ಎಂಬುದೊಂದೇ ಅವರ ಪ್ರಶ್ನೆಯಾಗಿತ್ತು. 1966ರಲ್ಲಿ ಅವರೂ, ಇನ್ನೂ ಪದವಿಯನ್ನು ಪಡೆಯದಿದ್ದ ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಅವರೂ ಕೂಡಿ, ಮಶ್ರೂಮ್ ಸ್ಪ್ರಿಂಗ್ ಎಂಬ ಬುಗ್ಗೆಯಿಂದ ತಂದ ನೀರಿನಲ್ಲಿ ಹೊಸದೊಂದು ಬ್ಯಾಕ್ಟೀರಿಯವನ್ನು ಬೆಳೆಸಿದರು. ಸುಮಾರು 70 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಅದು ಚೆನ್ನಾಗಿ ಬೆಳೆಯುತ್ತಿತ್ತು. 1969ರಲ್ಲಿ ಅದಕ್ಕೆ ‘ಥರ್ಮಸ್ ಅಕ್ವಾಟಿಕಸ್’ ಎಂದು ಹೆಸರಿಟ್ಟು ಪ್ರಕಟಿಸಿದರು.

ಕೋಳಿಮೊಟ್ಟೆಯ ಬಿಳಿಯ ಭಾಗವು ಬಿಸಿ ತಾಗಿದರೆ ಗಟ್ಟಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ಜೀವಕೋಶದ ಪ್ರೋಟೀನುಗಳೂ ಕಾವಿಗೆ ಹೀಗೆಯೇ ಕೆಡುತ್ತವೆ; ಸಾಮಾನ್ಯ ರೋಗಾಣುಗಳು ಕಾಯಿಸಿದ ನೀರಿನಲ್ಲಿ ಸಾಯಲು ಇದು ಮುಖ್ಯ ಕಾರಣ. ಉಷ್ಣಪ್ರಿಯ ಬ್ಯಾಕ್ಟೀರಿಯಗಳ ಪ್ರೋಟೀನುಗಳಾದರೋ ಒಳಗಿಂದೊಳಗೆ ಬಿಗಿಯಾಗಿ ಹೆಣೆದುಕೊಂಡಿದ್ದು, ಆ ಕಾವಿಗೆ ಬಿಚ್ಚಿಕೊಳ್ಳುವುದಿಲ್ಲ.

ಬ್ರಾಕ್ ಅವರನ್ನು ಅಂದು ಯಾರಾದರೂ “ಇದರಿಂದ ಪ್ರಯೋಜನವೇನು?” ಎಂದು ಕೇಳಿದ್ದರೆ ಅವರಲ್ಲಿಯೂ ಉತ್ತರವಿರುತ್ತಿರಲಿಲ್ಲ. ಉತ್ತರವು ಬೇರೊಬ್ಬರಿಂದ ಬಂದಿತು. 1983ರಲ್ಲಿ ಕ್ಯಾರಿ ಮಲ್ಲಿಸ್ ಎಂಬ ವಿಜ್ಞಾನಿಗೆ ಡಿ.ಎನ್.ಎ. ತುಣುಕನ್ನು ಪ್ರತಿಮಾಡುವ ಉಪಾಯ ಹೊಳೆಯಿತು. ಡಿ.ಎನ್.ಎ.ಯ ಎರಡು ಎಳೆಗಳನ್ನು ಸುಮಾರು 95 ಡಿಗ್ರಿಗೆ ಕಾಯಿಸಿ ಬಿಡಿಸಬೇಕು. ಬಳಿಕ ತಣಿಸಿ, ಕಿಣ್ವವೊಂದರ ಸಹಾಯದಿಂದ ಒಂದೊಂದು ಎಳೆಗೂ ಜೋಡಿಯನ್ನು ಕಟ್ಟಬೇಕು. ಹೀಗೆ ಮೂವತ್ತು ಸಲ ಮಾಡಿದರೆ, ಲೆಕ್ಕದ ಪ್ರಕಾರ ಒಂದು ತುಣುಕು ನೂರು ಕೋಟಿಗೂ ಮಿಗಿಲಾಗುತ್ತದೆ. ಆದರೆ ಸಾಮಾನ್ಯ ಕಿಣ್ವವು ಪ್ರತಿ ಸಲದ ಕಾವಿಗೂ ಹಾಳಾಗುತ್ತಿತ್ತು. ಮತ್ತೆ ಮತ್ತೆ ಹೊಸದನ್ನು ಹಾಕಬೇಕಾಗುತ್ತಿತ್ತು. ಯೆಲ್ಲೋಸ್ಟೋನಿನ ಬ್ಯಾಕ್ಟೀರಿಯದಿಂದ 1976ರಲ್ಲಿಯೇ ಬೇರ್ಪಡಿಸಿದ್ದ ‘ಟ್ಯಾಕ್’ ಕಿಣ್ವವು ಆ ತೊಡಕನ್ನು ನೀಗಿತು. 1991ರಲ್ಲಿ ಈ ವಿಧಾನದ ಹಕ್ಕುಗಳು 30 ಕೋಟಿ ಡಾಲರುಗಳಿಗೆ ಮಾರಾಟವಾದವು. 1993ರಲ್ಲಿ ಮಲ್ಲಿಸ್ ಅವರಿಗೆ ನೊಬೆಲ್ ಬಹುಮಾನವು ದೊರೆಯಿತು. 2020ರಲ್ಲಿ ಕೊರೋನಾ ಹಬ್ಬಿದಾಗ, ನಮ್ಮ ಮೂಗಿನಿಂದ ತೆಗೆದ ದ್ರವವನ್ನು ಪರೀಕ್ಷಿಸಿದ ಆರ್.ಟಿ.-ಪಿ.ಸಿ.ಆರ್. ಕೂಡ ಈ ವಿಧಾನದ ಸಂತತಿಯೇ.

ಪಾಲಕರ ಕಳವಳವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಊರಿನಲ್ಲಿ ಕನ್ನಡದಲ್ಲಿಯೇ ಮೆಟ್ರಿಕ್ ಮುಗಿಸಿ ಈ ಮುಂಬಯಿಗೆ ಬಂದ ನಮಗೂ ಮನೆಬಾಡಿಗೆಯ ಭಾರ ಗೊತ್ತು, ಅಂಕಗಳ ಬೆಲೆಯೂ ಗೊತ್ತು. ವಿದ್ಯೆಯಿಂದ ಮಕ್ಕಳ ಬಾಳು ಹಸನಾಗಲೆಂದು ಬಯಸುವುದು ತಪ್ಪಲ್ಲ. ಆದರೆ ‘ಪ್ರಯೋಜನವೇನು’ ಎಂಬ ಪ್ರಶ್ನೆಗೆ ಒಂದು ಕಾಲವುಂಟು. ಬೀಜವು ಮೊಳೆಯುವ ಮೊದಲೇ ಫಲವನ್ನು ಕೇಳಿದರೆ, ಬಿತ್ತುವವನ ಕೈ ತಡೆಯುತ್ತದೆ. ‘ಕನ್ನಡದಲ್ಲಿ ಓದಿ ಪ್ರಯೋಜನವೇನು’ ಎಂದು ಕೇಳುವವರಿಗೂ ನಾವು ಒಂದು ಮಾತು ಹೇಳಬೇಕಾಗಿದೆ. ಆ ಬಾಲಕಿ ಅಂಜದೆ ಪ್ರಶ್ನೆ ಕೇಳಿದ್ದು ಮನೆಮಾತಿನಲ್ಲಿ. ಆಡಲು ಭಾಷೆಯೇ ತಡವರಿಸುವಂತಿದ್ದರೆ ಆ ಪ್ರಶ್ನೆ ಅವಳ ಮನಸ್ಸಿನಲ್ಲಿಯೇ ಉಳಿದುಹೋಗುತ್ತಿತ್ತು. ನಾವೂ ಇಷ್ಟನ್ನು ಕಲಿಯುತ್ತಿರಲಿಲ್ಲ.

ವಾರಕ್ಕೆ ಅರ್ಧ ತಾಸನ್ನಾದರೂ ಪರೀಕ್ಷೆಗೆ ಬಾರದ ಪ್ರಶ್ನೆಗಳಿಗಾಗಿ ಮೀಸಲಿಡಬೇಕೆಂಬುದು ನಮ್ಮ ಸೂಚನೆ. ಅಧ್ಯಾಪಕರಿಗೆ ಉತ್ತರ ತಿಳಿಯದಿದ್ದರೆ ತಿಳಿಯದೆಂದೇ ಹೇಳಲಿ, ಮುಂದಿನ ವಾರ ಓದಿಕೊಂಡು ಬರಲಿ. ಅದರಿಂದ ಗುರುವಿನ ಗೌರವಕ್ಕೆ ಕುಂದಿಲ್ಲ.

ಇನ್ನು ಆ ಬಾಲಕಿಯ ಪ್ರಶ್ನೆಗೆ ಉತ್ತರ: ಹೌದು, ತಾನಸಾ ನದಿಯ ದಂಡೆಯ ವಜ್ರೇಶ್ವರಿಯ ಬುಗ್ಗೆಗಳಲ್ಲಿಯೂ ಜೀವವಿದೆ, ಅಲ್ಲಿಂದಲೂ ಸಂಶೋಧಕರು ಉಷ್ಣಪ್ರಿಯ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿದ್ದಾರೆ. ವಿದ್ಯಾರ್ಥಿಮಿತ್ರರೇ, ಮುಂದಿನ ಸಲ ಮನೆಯವರೊಡನೆ ಅಲ್ಲಿಗೆ ಹೋದಾಗ ದೇವಿಗೆ ಕೈಮುಗಿದು, ಕುಂಡದ ಅಂಚನ್ನೂ ಒಮ್ಮೆ ನಿಂತು ನೋಡಿರಿ. ಕಂಡುದನ್ನು ಬರೆದುಕೊಳ್ಳಿರಿ. ಪ್ರಯೋಜನದ ಮಾತು ಆಮೇಲೆ.