ಮುಂದೂಡಿದ ಬ್ರೇಕ್ ದುರಸ್ತಿ: ಲೆಕ್ಕಕ್ಕೆ ಬಾರದ ಸಾಲ

ಸಣ್ಣ ಕೈಗಾರಿಕೆಗಳಿಗೂ ಸಗಟು ವ್ಯಾಪಾರಕ್ಕೂ ಪಿಕಪ್ ವಾಹನವು ಇಂದು ತಕ್ಕಡಿಯಷ್ಟೇ ಅನಿವಾರ್ಯವಾದ ಸಾಧನವಾಗಿದೆ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ನಂತರ ಸ್ವಂತ ಸರಕು ವಾಹನ ಹೊಂದುವುದು ಚಿಕ್ಕ ಬಂಡವಾಳದ ವ್ಯಾಪಾರಸ್ಥರಿಗೂ ಸಾಧ್ಯವಾಯಿತು. ಆದರೆ ವಾಹನದ ಖರೀದಿಗೆ ಸಂಬಂಧಿಸಿದ ಸಾಲ, ಬಡ್ಡಿ, ಸವಕಳಿಗಳನ್ನು ಪೈಸೆ ಪೈಸೆಗೂ ಲೆಕ್ಕ ಹಾಕುವ ಮಾಲೀಕರು ಅದರ ಬ್ರೇಕು ಹಾಗೂ ವೀಲ್ ಬೇರಿಂಗುಗಳ ವಿಷಯದಲ್ಲಿ ಮಾತ್ರ ‘ಓಡುವಷ್ಟು ದಿನ ಓಡಲಿ’ ಎಂಬ ಧೋರಣೆ ತಳೆಯುವುದುಂಟು. ಈ ಧೋರಣೆ ಸುರಕ್ಷತೆಯ ದೃಷ್ಟಿಯಿಂದ ಅಪಾಯಕಾರಿ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಲೆಕ್ಕಶಾಸ್ತ್ರದ ದೃಷ್ಟಿಯಿಂದಲೂ ಅದು ನಷ್ಟದ ಬಾಬತ್ತು ಎಂಬುದನ್ನು ಗಮನಿಸುವವರು ವಿರಳ.

ಬ್ರೇಕ್ ಒತ್ತಿದಾಗ ವಾಹನದ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಚಕ್ರಗಳ ಬ್ರೇಕುಗಳೇ ಹೆಚ್ಚಿನ ಹೊರೆ ಹೊರುತ್ತವೆ. ಶಿರಾಡಿ, ಚಾರ್ಮಾಡಿ, ಅರಬೈಲು ಘಟ್ಟಗಳನ್ನು ಸರಕು ಹೇರಿಕೊಂಡು ಇಳಿಯುವ ವಾಹನಗಳಲ್ಲಿ ಎರಕದ ಕಬ್ಬಿಣದ ಡಿಸ್ಕುಗಳು ವಿಪರೀತ ಕಾಯುತ್ತವೆ, ಸವೆಯುತ್ತವೆ, ಕ್ರಮೇಣ ಅವುಗಳ ದಪ್ಪ ಏರುಪೇರಾಗುತ್ತದೆ. ಬ್ರೇಕ್ ಒತ್ತಿದಾಗ ಪೆಡಲು ಅಥವಾ ಸ್ಟಿಯರಿಂಗ್ ಅದುರುವುದು ಇದರ ಮೊದಲ ಸೂಚನೆ. ಡಿಸ್ಕಿನ ಕನಿಷ್ಠ ದಪ್ಪವೆಷ್ಟಿರಬೇಕೆಂಬುದನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚೊತ್ತಿರುತ್ತಾರೆ. ಆ ಮಿತಿಗಿಂತ ತೆಳುವಾದ ಡಿಸ್ಕಿಗೆ ಹೊಸ ಪ್ಯಾಡ್ ಹಾಕಿಸುವುದು ಉಳಿತಾಯವಲ್ಲ. ಲೇತಿನಲ್ಲಿ ಮಟ್ಟ ಮಾಡಿಸುವುದು ಸಹ, ಮಾಡಿಸಿದ ನಂತರವೂ ಕನಿಷ್ಠ ದಪ್ಪ ಉಳಿಯುವುದಾದರೆ ಮಾತ್ರ ಸಮಂಜಸ.

ಬೇರಿಂಗಿನ ಸ್ಥಿತಿಯೂ ಇದೇ. ವೇಗ ಹೆಚ್ಚಿದಂತೆ ಹೆಚ್ಚುವ, ತಿರುವುಗಳಲ್ಲಿ ಬದಲಾಗುವ ಗುಂಯ್‌ಗುಟ್ಟುವ ಸದ್ದು, ಜಾಕಿಯ ಮೇಲೆ ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದಾಗ ಕಾಣುವ ಸಡಿಲ, ಇವೆರಡೂ ಎಚ್ಚರಿಕೆಯ ಗಂಟೆಗಳು. ಸಡಿಲ ಬೇರಿಂಗಿನಿಂದ ಡಿಸ್ಕು ಓಲಾಡುತ್ತದೆ. ಓಲಾಡುವ ಡಿಸ್ಕು ಹೊಸದಾದರೂ ಬೇಗನೆ ಕೆಡುತ್ತದೆ. ಆದ್ದರಿಂದ ಇವೆರಡನ್ನೂ ಬೇರೆ ಬೇರೆ ಖರ್ಚುಗಳೆಂದು ಎಣಿಸುವುದೇ ತಪ್ಪು. ಅನೇಕ ವಾಹನಗಳಲ್ಲಿ ಡಿಸ್ಕನ್ನು ಹಬ್ಬಿನ ಹಿಂಬದಿಗೆ ಬೋಲ್ಟ್ ಮಾಡಿರುವುದರಿಂದ ಅದನ್ನು ಬದಲಿಸಲು ಹಬ್ಬನ್ನೇ ಕಳಚಬೇಕಾಗುತ್ತದೆ. ಹಬ್ಬು ಹೊರಬಂದ ಮೇಲೆ ಹಳೆಯ ಬೇರಿಂಗನ್ನೇ ಮರಳಿ ಕೂರಿಸಿ, ಆರು ತಿಂಗಳ ನಂತರ ಅದೇ ಕೆಲಸಕ್ಕೆ ಎರಡನೆಯ ಬಾರಿ ಕೂಲಿ ತೆರುವುದು, ಮತ್ತೊಂದು ದಿನದ ಬಾಡಿಗೆ ಕಳೆದುಕೊಳ್ಳುವುದು ಯಾವ ವ್ಯಾಪಾರಸ್ಥನಿಗೂ ಒಪ್ಪುವ ಲೆಕ್ಕವಲ್ಲ.

ಕೆಲಸದ ಗುಣಮಟ್ಟವನ್ನೂ ಮಾಲೀಕರು ವಿಚಾರಿಸಬೇಕು. ಡಿಸ್ಕು ಮತ್ತು ಪ್ಯಾಡುಗಳನ್ನು ಎಡಬಲ ಎರಡೂ ಚಕ್ರಗಳಿಗೆ ಒಟ್ಟಿಗೆ ಬದಲಿಸಬೇಕು. ಒಂದೇ ಬದಿಗೆ ಹಾಕಿದರೆ ವಾಹನ ಒಂದು ಕಡೆಗೆ ಎಳೆಯುತ್ತದೆ. ಹೊಸ ಡಿಸ್ಕಿಗೆ ಸವರಿರುವ ರಕ್ಷಕ ಎಣ್ಣೆಯನ್ನು ಪೂರ್ಣವಾಗಿ ಒರೆಸಿ ತೆಗೆಯಬೇಕು. ಕ್ಯಾಲಿಪರನ್ನು ಬ್ರೇಕ್ ಹೋಸಿನಿಂದ ತೂಗುಬಿಡಬಾರದು. ಕಪ್ ಮತ್ತು ಕೋನ್ ಇರುವ ಬೇರಿಂಗಾದರೆ ಎರಡನ್ನೂ ಜೋಡಿಯಾಗಿಯೇ ಬದಲಿಸಿ, ಹೊಸ ಆಯಿಲ್ ಸೀಲ್ ಹಾಕಿ, ತಯಾರಕರು ಸೂಚಿಸಿದ ಗ್ರೀಸ್ ಮತ್ತು ಬಿಗಿತವನ್ನು ಪಾಲಿಸಬೇಕು.

ಇನ್ನು ಹಣದ ವಿಚಾರ. ವಾಹನದ ಒಳಗಿನ ಭಾಗವನ್ನು ಬದಲಿಸುವ ಈ ವೆಚ್ಚವು ಬಂಡವಾಳ ವೆಚ್ಚವಲ್ಲ. ಇರುವ ಆಸ್ತಿಯನ್ನು ಕಾಪಾಡಿ ಸುಸ್ಥಿತಿಯಲ್ಲಿಡುವುದೇ ಚಾಲ್ತಿ ದುರಸ್ತಿಯ ಒರೆಗಲ್ಲು ಎಂದು ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2007ರಲ್ಲಿ ಸ್ಪಷ್ಟಪಡಿಸಿದೆ. ಆ ಒರೆಗಲ್ಲಿಗೆ ಡಿಸ್ಕು, ಬೇರಿಂಗುಗಳ ಬದಲಾವಣೆ ಸಲ್ಲುತ್ತದೆ. ಲೆಕ್ಕಪುಸ್ತಕಗಳ ಆಧಾರದ ಮೇಲೆ ಆದಾಯ ಘೋಷಿಸುವವರಿಗೆ ಇದು ಆ ವರ್ಷದ ಖರ್ಚಾಗಿಯೇ ಕಳೆಯಲ್ಪಡುತ್ತದೆ. ಪ್ರಯಾಣಿಕ ಕಾರುಗಳ ದುರಸ್ತಿಯ ಮೇಲಿನ ಜಿಎಸ್‌ಟಿಗೆ ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮೆ ದೊರೆಯದು. ಸರಕು ವಾಹನಕ್ಕೆ ಆ ನಿರ್ಬಂಧವಿಲ್ಲ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ತೆರಿಗೆ ಏಕರೂಪವಾಗಿ ಶೇ. 18ಕ್ಕೆ ಇಳಿದಿದೆ. ಬಿಡಿಭಾಗ ಹಾಗೂ ಕೂಲಿ ಸೇರಿ 15,000 ರೂಪಾಯಿ ಎಂದು ಭಾವಿಸಿದರೆ ತೆರಿಗೆ 2,700 ರೂಪಾಯಿ. ರಾಜಿ ತೆರಿಗೆ ಪದ್ಧತಿಯಲ್ಲಿಲ್ಲದ, ತೆರಿಗೆಗೊಳಪಡುವ ಸರಕು ಮಾರುವ ನೋಂದಾಯಿತ ವರ್ತಕನಿಗೆ ಈ ಮೊತ್ತ ಜಮೆಯಾಗಿ ಮರಳುತ್ತದೆ. ಆದರೆ ಇದಕ್ಕೆ ಜಿಎಸ್‌ಟಿ ಸಂಖ್ಯೆಯುಳ್ಳ ಪಕ್ಕಾ ಬಿಲ್ ಬೇಕು. ಕಚ್ಚಾ ಚೀಟಿಯಲ್ಲಿ ಅಗ್ಗವಾಗಿ ಸಿಗುವ ಬಿಡಿಭಾಗಕ್ಕೆ ಜಮೆಯೂ ಇಲ್ಲ, ಅದು ಅಸಲಿಯೆಂಬ ಖಾತರಿಯೂ ಇಲ್ಲ. ಅಲ್ಲದೆ ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗೂ ಮೀರಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ಖರ್ಚು ಅಮಾನ್ಯವಾಗುತ್ತದೆ. ಗ್ಯಾರೇಜಿನ ಬಿಲ್ಲನ್ನು ಬ್ಯಾಂಕಿನ ಮೂಲಕವೇ ಪಾವತಿಸುವುದು ಲೇಸು.

ಹೀಗಿದ್ದರೂ ದುರಸ್ತಿ ಮುಂದಕ್ಕೆ ಹೋಗುವುದೇಕೆ? ಮುಂದೂಡಿದ ದುರಸ್ತಿ ಲೆಕ್ಕಪತ್ರದಲ್ಲಿ ಕಾಣದಿರುವುದೇ ಮುಖ್ಯ ಕಾರಣ. ಮುಂದೆ ಮಾಡಬೇಕಾದ ದುರಸ್ತಿಗೆ ಇಂದೇ ಹೊಣೆ ತೋರಿಸಲು ಲೆಕ್ಕಪತ್ರ ಮಾನಕ 29 ಅವಕಾಶ ಕೊಡುವುದಿಲ್ಲ. ಪರಿಣಾಮವಾಗಿ ಈ ವರ್ಷದ ಲಾಭ ಹಿಗ್ಗಿ ಕಾಣುತ್ತದೆ. ವಾಸ್ತವದಲ್ಲಿ ಮಾಲೀಕನು ತನ್ನ ವಾಹನದಿಂದಲೇ ಸಾಲ ಪಡೆದಿರುತ್ತಾನೆ. ಆ ಸಾಲದ ವಸೂಲಿ ಘಟ್ಟದ ಇಳಿಜಾರಿನಲ್ಲಿ ಆಗಬಹುದು, ಅದನ್ನು ತೆರುವವನು ಬಹುಪಾಲು ಮಾಲೀಕನಲ್ಲ, ಚಾಲಕ.

ಕಾನೂನು ಮಾತ್ರ ಮಾಲೀಕನನ್ನು ಬಿಡುವುದಿಲ್ಲ. ತಿಳಿದಿರುವ, ಅಥವಾ ಸಾಮಾನ್ಯ ಎಚ್ಚರ ವಹಿಸಿದ್ದರೆ ತಿಳಿಯಬಹುದಾಗಿದ್ದ ಅಪಾಯಕಾರಿ ದೋಷವುಳ್ಳ ವಾಹನವನ್ನು ಓಡಿಸುವುದಷ್ಟೇ ಅಲ್ಲ, ಓಡಿಸಲು ಬಿಡುವುದೂ 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಡಿ ಅಪರಾಧ. ‘ಡ್ರೈವರ್ ಹೇಳಲಿಲ್ಲ’ ಎಂಬ ಸಮಜಾಯಿಷಿ ಇಲ್ಲಿ ನಿಲ್ಲಲಾರದು. ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ ಪಡೆಯುವ ಎಫ್‌ಸಿ ಆ ದಿನದ ಸ್ಥಿತಿಗೆ ಸಾಕ್ಷಿಯೇ ಹೊರತು ಮುಂದಿನ ತಿಂಗಳುಗಳಿಗೆ ರಕ್ಷಾಕವಚವಲ್ಲ.

ಪರಿಹಾರ ದುಬಾರಿಯದಲ್ಲ. ‘ವಾಹನ ವೆಚ್ಚ’ ಎಂಬ ಒಂದೇ ತಲೆಬರಹದಡಿ ಡೀಸೆಲ್, ಟೈರು, ದುರಸ್ತಿ ಎಲ್ಲವನ್ನೂ ತುಂಬುವ ಬದಲು ಪ್ರತಿ ವಾಹನಕ್ಕೂ ಪ್ರತ್ಯೇಕ ಖಾತೆ ತೆರೆಯಬೇಕು. ಬದಲಿಸಿದ ಭಾಗ, ದಿನಾಂಕ, ಆಗಿನ ಕಿಲೋಮೀಟರ್ ಓಟ ಅದರಲ್ಲಿ ನಮೂದಾಗಬೇಕು. ಓಡಿದ ಪ್ರತಿ ಕಿಲೋಮೀಟರಿಗೆ ಇಂತಿಷ್ಟೆಂದು ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ತೆಗೆದಿರಿಸಿದರೆ ಬಿಲ್ ಬಂದ ದಿನ ಹೊರೆಯೆನಿಸದು. ಅದುರು, ಸದ್ದುಗಳನ್ನು ವರದಿ ಮಾಡುವ ಚಾಲಕನನ್ನು ಖರ್ಚು ತರುವವನೆಂದು ಗದರಿಸುವ ರೂಢಿಯೂ ನಿಲ್ಲಬೇಕು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಎತ್ತುವ ಪ್ರಸಂಗ ತಂದುಕೊಳ್ಳದಿರುವುದೇ ವ್ಯಾಪಾರದ ಜಾಣತನ. ದಾಸ್ತಾನು, ಬಾಕಿ ವಸೂಲಿಗಳ ತಪಾಸಣೆಯಷ್ಟೇ ಕ್ರಮಬದ್ಧವಾಗಿ ಮುಂದಿನ ಚಕ್ರಗಳ ತಪಾಸಣೆಯೂ ನಡೆಯುವಂತಾಗಬೇಕು.