ಸೋಯಾಗೂ ಒಂದು ಹಸಿರು ವಾರ ಇದೆ

ಆಫೀಸ್ ಪಾರ್ಟಿಗೆ ಹೋದಾಗ ಉಪ್ಪು ಹಾಕಿ ಬೇಯಿಸಿದ ಹಸಿರು ಕಾಯಿಗಳ ಬಟ್ಟಲು ಈಗೀಗ ಟೇಬಲ್ ಮೇಲೆ ಬರುತ್ತೆ. ಹೆಸರು ಎಡಮಾಮೆ. ಸೂಪರ್‌ಮಾರ್ಕೆಟ್‌ನ ಫ್ರೀಜರಲ್ಲೂ ಸಿಗುತ್ತೆ, ಬೆಲೆ ನೋಡಿದ್ರೆ ಅಲ್ಲೇ ಬಿಟ್ಟು ಬರೋಣ ಅನ್ಸುತ್ತೆ. ಇದೇನೋ ಹೊಸ ಕಾಳು ಅಂದುಕೊಂಡವರೇ ಜಾಸ್ತಿ. ಆದ್ರೆ ಇದು ನಮ್ಮ ಧಾರವಾಡ, ಬೆಳಗಾವಿ, ಬೀದರ್ ಕಡೆ ಮುಂಗಾರಿನಲ್ಲಿ ಎಕರೆಗಟ್ಟಲೆ ಬೆಳೆಯೋ ಸೋಯಾಬೀನೇ. ಒಣಗೋಕೆ ಮುಂಚೆ, ಕಾಯಿ ಹಸಿರಿರುವಾಗ ಕಿತ್ತರೆ ಎಡಮಾಮೆ. ಜಪಾನಿ ಭಾಷೆಯಲ್ಲಿ ಎಡ ಅಂದ್ರೆ ಕೊಂಬೆ, ಮಾಮೆ ಅಂದ್ರೆ ಕಾಳು. ಕೊಂಬೆಯಲ್ಲಿರುವ ಕಾಳು, ಅಷ್ಟೇ.

ನಮ್ಮ ಮನೆಯಲ್ಲೂ ಸೋಯಾ ಬೆಳೀತಾರೆ. ಆದ್ರೂ ನಾನು ಊರಲ್ಲಿ ಇರೋವರೆಗೆ ಒಂದು ಹಸಿ ಕಾಯಿ ಬಾಯಿಗೆ ಹಾಕಿದ್ದು ನೆನಪಿಲ್ಲ. ವಿಚಿತ್ರ ಅಂದ್ರೆ ನಮ್ಮ ಕಡೆ ಎಲ್ಲವನ್ನೂ ಎಳೆಯದಿರುವಾಗಲೇ ತಿಂತೀವಿ. ಎಳೆ ಜೋಳ ಸುಟ್ಟು ಸೀತನಿ ಮಾಡ್ತೀವಿ, ಹಸಿ ಕಡಲೆ ಗಿಡ ಹಿಡ್ಕೊಂಡು ಹೊಲದಲ್ಲೇ ಸುಲಿದು ತಿಂತೀವಿ, ಶೇಂಗಾ ಕುದಿಸ್ತೀವಿ. ಸೋಯಾ ಒಂದನ್ನ ಮಾತ್ರ ಹೊರಗಿಟ್ಟಿದ್ದೀವಿ. ಯಾಕೆ ಅಂತ ಅವ್ವನನ್ನ ಕೇಳಿದೆ.

“ಅದು ರೊಕ್ಕದ ಪೀಕು, ಉಣ್ಣೂ ಪೀಕಲ್ಲ. ಎಳೀದಿದ್ದಾಗ ಹರಿದ್ರ ತೂಕ ಎಲ್ಲಿಂದ ಬರ್ಬೇಕು?” ಅಂದ್ಲು.

ಅವ್ವ ಹೇಳಿದ್ದರಲ್ಲಿ ತಪ್ಪಿಲ್ಲ. ಜೋಳ, ಕಡಲೆ ಅಡುಗೆಮನೆಯ ಬೆಳೆಯಾಗಿ ಬಂದವು. ಸೋಯಾ ಬಂದಿದ್ದು ಗಿರಣಿಯ ಬೆಳೆಯಾಗಿ. ಕಾಳಿನ ಎಣ್ಣೆ ಅಂಗಡಿಗೆ, ಹಿಂಡಿ ಕೋಳಿ ಫಾರಂಗೆ. ಬೆಳೆದವರ ತಟ್ಟೆಗೆ ಏನೂ ಇಲ್ಲ. ಮನೆಯಲ್ಲಿ ಮಕ್ಕಳಿಗೆ ಪ್ರೋಟೀನ್ ಸಾಲದು ಅಂತ ಡಾಕ್ಟರ್ ಪೌಡರ್ ಬರೆದುಕೊಡ್ತಾರೆ, ಹಿತ್ತಲಾಚೆ ಕಾಳು ನಿಂತಿರುತ್ತೆ. ಒಣ ಸೋಯಾದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಪ್ರೋಟೀನ್. ಬೇಯಿಸಿದ ಹಸಿ ಕಾಳಿನಲ್ಲೂ 100 ಗ್ರಾಂಗೆ ಸುಮಾರು 11–12 ಗ್ರಾಂ ಇರುತ್ತೆ.

ನಗರದಲ್ಲಿರೋರು ಬಾಲ್ಕನಿಯಲ್ಲೇ ಬೆಳೆಯಬಹುದು. ನಾನು ಮಾಡೋದು ಹೀಗೆ.

ಬೀಜ: ಹೊಸದೇ ಬೇಕು. ಸೋಯಾ ಬೀಜಕ್ಕೆ ಆಯಸ್ಸು ಕಡಿಮೆ, ವರ್ಷ ದಾಟಿದ್ರೆ ಮೊಳಕೆ ಕುಸಿಯುತ್ತೆ. 10 ಬೀಜ ಒದ್ದೆ ಬಟ್ಟೆಯಲ್ಲಿಟ್ಟು ನೋಡಿ, 7 ಮೊಳೆತರೂ ಪರವಾಗಿಲ್ಲ. ತರಕಾರಿಗೆಂದೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ‘ಕರುಣೆ’ ಅನ್ನೋ ತಳಿ ಇದೆ, ಸಿಕ್ಕರೆ ಅದೇ ಹಾಕಿ. ಇಲ್ಲದಿದ್ರೆ ಹೊಲಕ್ಕೆ ಹಾಕೋ ಜೆಎಸ್ 335 ಆದ್ರೂ ನಡೆಯುತ್ತೆ, ಕಾಳು ಸ್ವಲ್ಪ ಸಣ್ಣದು, ಸಿಹಿ ಕಡಿಮೆ. ಬಣ್ಣ ಹಚ್ಚಿದ ಬಿತ್ತನೆ ಬೀಜಕ್ಕೆ ಔಷಧಿ ಲೇಪಿಸಿರ್ತಾರೆ. ಅದು ಬಿತ್ತೋಕೆ ಮಾತ್ರ, ತಿನ್ನೋಕಲ್ಲ.

ಬಿತ್ತನೆ: ಜೂನ್ ಒಳ್ಳೆ ಸಮಯ. ಒಂದಡಿ ಅಗಲ, ಅಷ್ಟೇ ಆಳದ ಕುಂಡಕ್ಕೆ 3 ಗಿಡ ಸಾಕು. ನೀರಲ್ಲಿ ನೆನೆಸಬೇಡಿ, ಬೀಜ ಒಡೆದು ಕೊಳೆಯುತ್ತೆ. ತೇವದ ಮಣ್ಣಲ್ಲಿ 2–3 ಸೆಂ.ಮೀ. ಆಳಕ್ಕೆ ಹಾಕಿ. ಮೊಳಕೆಯನ್ನ ಪಾರಿವಾಳ ಬಿಡಲ್ಲ, ಒಂದೆರಡು ವಾರ ಬಲೆ ಮುಚ್ಚಿ. ಬೇರಿನ ಗಂಟುಗಳಲ್ಲಿರೋ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಕೊಡುತ್ತೆ, ಹಾಗಾಗಿ ಯೂರಿಯಾ ಸುರಿಯೋ ಕೆಲಸ ಇಲ್ಲ. ಸುರಿದ್ರೆ ಎಲೆ ಬರುತ್ತೆ, ಕಾಯಿ ಬರಲ್ಲ. ಹೂ ಬಿಟ್ಟಾಗಿಂದ ಕಾಳು ತುಂಬೋವರೆಗೆ ಮಾತ್ರ ನೀರು ತಪ್ಪಿಸಬೇಡಿ.

ಅಪಾರ್ಟ್‌ಮೆಂಟಿನವರಿಗೆ ಇನ್ನೊಂದು ಮಾತು. ಸೋಯಾ ಗಿಡ ರಾತ್ರಿಯ ಉದ್ದ ನೋಡಿ ಹೂ ಬಿಡೋ ಜಾತಿ. ರಾತ್ರಿಯಿಡೀ ಬಾಲ್ಕನಿ ಲೈಟ್ ಉರೀತಿದ್ರೆ, ಬೀದಿದೀಪ ನೇರ ಬೀಳ್ತಿದ್ರೆ, ಗಿಡ ಸೊಂಪಾಗಿ ಬೆಳೆದು ಹೂ ತಡ ಮಾಡುತ್ತೆ. ಹಗಲು ಕನಿಷ್ಠ 6 ಗಂಟೆ ಬಿಸಿಲು, ರಾತ್ರಿ ಸರಿಯಾದ ಕತ್ತಲೆ, ಎರಡೂ ಬೇಕು.

ಕೊಯ್ಲು: ತಳಿ ನೋಡಿಕೊಂಡು ಸುಮಾರು 70–80 ದಿನಕ್ಕೆ ಕಾಯಿ ತುಂಬುತ್ತೆ. ಕಾಳು ಒಂದಕ್ಕೊಂದು ತಾಗುವಷ್ಟು ಉಬ್ಬಿರಬೇಕು, ಸಿಪ್ಪೆ ಇನ್ನೂ ಹಚ್ಚ ಹಸಿರಾಗಿರಬೇಕು. ಈ ಹದ ಇರೋದು ಒಂದು ವಾರ ಅಷ್ಟೇ. ಹಳದಿ ತಿರುಗಿದ್ರೆ ಮತ್ತೆ ಅದು ಗಿರಣಿ ಮಾಲು. ಗಿಡ ನಮ್ಮ ವೀಕೆಂಡಿಗೆ ಕಾಯಲ್ಲ. ಮಂಗಳವಾರ ಹದ ಬಂದ್ರೆ ಮಂಗಳವಾರವೇ ಕೀಳ್ಬೇಕು. ಕಿತ್ತ ಮೇಲೆ ಗಂಟೆಗಂಟೆಗೂ ಸಿಹಿ ಇಳಿಯುತ್ತೆ, ಅದಕ್ಕೆ ಮೊದಲು ನೀರು ಒಲೆ ಮೇಲಿಟ್ಟು ಆಮೇಲೆ ಬಾಲ್ಕನಿಗೆ ಹೋಗಿ.

ಅಡುಗೆ: 250 ಗ್ರಾಂ ಕಾಯಿಗೆ 1 ಲೀಟರ್ ನೀರು, 40 ಗ್ರಾಂ ಉಪ್ಪು. ಕಾಯಿಯ ತುದಿ ಕತ್ತರಿಸಿ, ಒಂದು ಹಿಡಿ ಉಪ್ಪನ್ನ ಅದರಲ್ಲೇ ತೆಗೆದು ಕಾಯಿಗೆ ತಿಕ್ಕಿ, ಮೇಲಿನ ರೋಮ ಹೋಗುತ್ತೆ. ಉಳಿದ ಉಪ್ಪು ಕುದಿಯೋ ನೀರಿಗೆ. 4–5 ನಿಮಿಷ ಬೇಯಿಸಿ, ಬಸಿದು, ತಣ್ಣೀರಿಗೆ ಹಾಕದೆ ಗಾಳಿಗೆ ಆರಿಸಿ. ಹಲ್ಲಲ್ಲಿ ಕಾಳು ಹಿಂಡಿಕೊಂಡು ತಿನ್ನಿ, ಸಿಪ್ಪೆ ಬಿಸಾಡಿ. ಹಸಿಯಾಗಿ ಮಾತ್ರ ತಿನ್ನಬೇಡಿ, ಜೀರ್ಣಕ್ಕೆ ಅಡ್ಡಿ ಮಾಡೋ ಅಂಶ ಇರುತ್ತೆ, ಬೆಂದಾಗ ಅದು ಇಳಿಯುತ್ತೆ. ಸೋಯಾ ಅಲರ್ಜಿ ಇರೋರು ದೂರ ಇರಿ. ನನಗಂತೂ ಬಿಡಿಸಿದ ಕಾಳಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಮೇಲೆ ಗುರೆಳ್ಳು ಪುಡಿ ಉದುರಿಸಿ ಜೋಳದ ರೊಟ್ಟಿ ಜೊತೆ ತಿನ್ನೋದೇ ಇಷ್ಟ.

ಅವ್ವನಿಗೂ ಇದೇ ರುಚಿ ಹಿಡಿಸ್ತು. ಹೋದ ವರ್ಷದಿಂದ ಬದುವಿನ ಪಕ್ಕದ ಒಂದು ಸಾಲಿಗೆ ಔಷಧಿ ಹೊಡೀಬಾರದು ಅಂತ ಅಪ್ಪನಿಗೆ ತಾಕೀತು ಮಾಡಿದ್ದಾಳೆ. ಮೂರು ಎಕರೆಯಲ್ಲಿ ಒಂದು ಸಾಲು. ರೊಕ್ಕ ಕಡಿಮೆ ಆಗಿಲ್ಲ, ಊಟಕ್ಕೊಂದು ಪಲ್ಯ ಬಂತು.

ನಿಮ್ಮ ಊರಲ್ಲೂ ಸೋಯಾ ಇದ್ರೆ ಕುಂಡವೂ ಬೇಡ. ಜೂನಿನಲ್ಲಿ ಬಿತ್ತಿದ ಹೊಲ ಹಸಿರು ಕಾಯಿಗೆ ಬರೋದು ಹೆಚ್ಚುಕಡಿಮೆ ಗಣಪತಿ ಹಬ್ಬದ ಹೊತ್ತಿಗೆ, ನಾವು ಹೇಗೂ ರಜೆ ಹಾಕಿ ಬಸ್ ಹತ್ತೋ ದಿನಗಳು. ಹೋಗೋ ಮೊದಲೇ ಮನೆಗೆ ಫೋನ್ ಮಾಡಿ, ಒಂದು ಸಾಲು ಔಷಧಿಯಿಲ್ಲದೆ ಬಿಡೋಕೆ ಜುಲೈನಲ್ಲೇ ಹೇಳಿ. ಕಾಯಿ ಕೀಳೋ ಕೆಲಸ ಮಾತ್ರ ನೀವೇ ಮಾಡಿ.