ಹೆಸರಿಟ್ಟರೆ ಸಾಲದು

ಮಗುವಿನ ಜ್ಞಾನಸ್ನಾನದ ಔತಣಕ್ಕೆ ತಿಂಗಳ ಮೊದಲೇ ಅಣಿಯಾಗುವ ನಾವು, ಆ ಮಗುವಿನ ಹೆಸರನ್ನು ಜನನ ನೋಂದಣಿಯಲ್ಲಿ ಸೇರಿಸುವುದನ್ನು ಮಾತ್ರ ನಾಳೆಗೆ ದೂಡುತ್ತೇವೆ. ‘ಆಸ್ಪತ್ರೆಯವರೇ ನೋಂದಾಯಿಸಿದ್ದಾರಲ್ಲ’ ಎಂಬುದು ನಮ್ಮ ಸಮಾಧಾನ. ಆದರೆ ಆ ದಾಖಲೆಯಲ್ಲಿ ಹೆಸರಿನ ಜಾಗ ಎಷ್ಟೋ ಸಲ ಖಾಲಿಯೇ ಇರುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಆನಂತರ 15 ವರ್ಷಗಳವರೆಗೆ ವಿಳಂಬ ಶುಲ್ಕ ತೆರಬೇಕು.

ಈ ದೀರ್ಘಾವಧಿಯೇ ಆಲಸ್ಯದ ತೊಟ್ಟಿಲು. ‘ಇನ್ನೂ ಸಮಯವಿದೆ’ ಎನ್ನುವುದು ತಾಳ್ಮೆಯೇ? ಅಲ್ಲ, ನಮ್ಮ ಹೊರೆಯನ್ನು ಮಗುವಿನ ಹೆಗಲಿಗೆ ಹೊರಿಸುವ ಉದಾಸೀನ. 2023ರ ಅಕ್ಟೋಬರ್ 1ರಂದು ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಅಂದಿನಿಂದ ಹುಟ್ಟಿದವರಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ಪಾಸ್‌ಪೋರ್ಟ್ ಮುಂತಾದವುಗಳಿಗೆ ಜನ್ಮದಿನದ ಆಧಾರ ಜನನ ಪ್ರಮಾಣಪತ್ರವೇ. ದೇವಾಲಯದ ಜ್ಞಾನಸ್ನಾನದ ದಾಖಲೆ ಅದರ ಸ್ಥಾನವನ್ನು ತುಂಬಲಾರದು.

ಆಲಸ್ಯಕ್ಕೆ ಮದ್ದು ಚಿಕ್ಕದೊಂದು ಆರಂಭ. ಇಂದು ರಾತ್ರಿ ಊಟವಾದ ಮೇಲೆ ಪ್ರಮಾಣಪತ್ರವನ್ನು ತೆಗೆದು ನೋಡಿರಿ. ಹೆಸರಿನ ಅಕ್ಷರಗಳನ್ನು ಗಂಡಹೆಂಡಿರು ಕೂಡಿ ನಿಶ್ಚಯಿಸಿ ಬರೆದಿಡಿರಿ. ಕಚೇರಿಗೆ ಹೋಗುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿರಿ. ಔತಣಕ್ಕೆ ದೊರೆತ ಬಿಡುವು ಇದಕ್ಕೂ ದೊರೆಯಲಿ.